ಫ್ರಾನ್ಸಿಸನ ಕ್ವಿನೈನ್, ನನ್ನ ಕಿವಿ

ನನ್ನ ಜತೆ ಮಾತಾಡುವವರು ದಯವಿಟ್ಟು ಬಲಗಡೆ ಕೂರಬೇಕು. ಎಡಗಡೆ ಕೂತು ಕರೆದರೆ ನಾನು ತಿರುಗಿ ನೋಡುವುದಿಲ್ಲ. ಆಮೇಲೆ ಜನ 'ರೈಲ್ವೆಯವರಿಗೆ ಸೊಕ್ಕು ಭಾಳ' ಅನ್ನುತ್ತಾರೆ. ಸೊಕ್ಕಲ್ಲ, ಎಡಗಿವಿ ಹೋಗಿದೆ. ಬಲಗಿವಿ ಅರ್ಧ ಉಳಿದಿದೆ, ಅದರಲ್ಲೂ ಹಗಲಿಡೀ ಜೀರುಂಡೆ ಕೂಗಿದ ಹಾಗೆ ಒಂದು ಸದ್ದು. ಕೇಳಿದವರು ತಾವೇ 'ಟೈಫಾಯ್ಡಿನ್ಯಾಗ ಹಂಗ ಆಗ್ತದ್ರಿ' ಅಂದುಬಿಡುತ್ತಾರೆ. ಆ ಮಾತು ಕೇಳಿ ಕೇಳಿ ನನಗೆ ರೋಸಿಹೋಗಿದೆ. ನನಗೆ ಬಂದಿದ್ದು ಟೈಫಾಯ್ಡೇ ಹೌದು. ಅದು ಬಂದು, ಕಾಡಿ, ತನ್ನ ಪಾಡಿಗೆ ತಾನು ಹೋಯಿತು. ಕಿವಿ ತಿಂದದ್ದು ಬೇರೆಯವನ ಔಷಧ.

ಇದನ್ನು ಬರೆಯಬೇಕೋ ಬೇಡವೋ ಅಂತ ಬಹಳ ದಿನ ಯೋಚಿಸಿದೆ. ಆಸ್ಪತ್ರೆಯಲ್ಲಿ ಮಲಗಿ, ಕೈಗೆ ಬಂದ ಗ್ಲಾಸು ನೋಡಿ 'ಇದು ನನ್ನದೇ ಏನು' ಅನ್ನಿಸಿದರೂ, ಕೇಳಿದರೆ ಸಿಸ್ಟರು ಸಿಟ್ಟಾದಾಳು ಅಂತ ಗಂಟಲಿಗೆ ಸುರಿದುಕೊಂಡವರು ನಾನೊಬ್ಬನೇ ಅಲ್ಲ ಎಂದು ಆಮೇಲೆ ಗೊತ್ತಾಯಿತು. ಅಂಥವರಿಗೆ ಇಷ್ಟಾದರೂ ತಿಳಿಯಲಿ, ತಮಗೆ ತಲೆ ಕೆಟ್ಟಿರಲಿಲ್ಲ ಎಂದು.

ಆಗ ನಾನು ಪುಣೆ ಹತ್ತಿರದ ದೌಂಡ ಸ್ಟೇಶನ್ನಿನಲ್ಲಿ ತಾರ್ ಮಾಸ್ತರ, ಅಂದರೆ ಟೆಲಿಗ್ರಾಫಿನವ. ಮೇಜಿನ ಮೇಲಿನ ಯಂತ್ರ ಕಟಕಟ ಅನ್ನುತ್ತದೆ, ಆ ಸದ್ದು ಕಿವಿಗೆ ಬಿದ್ದ ಹಾಗೇ ಕೈ ಅಕ್ಷರ ಬರೆಯಬೇಕು. ಧಾರವಾಡದಿಂದ ಬಂದು ಆ ಕುರ್ಚಿಯಲ್ಲಿ ಕೂತ ಮೇಲೆ ನನಗೆ ಬೇರೆ ವಿದ್ಯೆ ಕಲಿಯುವ ಮನಸ್ಸೂ ಆಗಿರಲಿಲ್ಲ. ನನ್ನ ಅನ್ನವೆಲ್ಲ ಕಿವಿಯದ್ದು.

ಮಳೆಗಾಲ ಮುಗಿಯುವ ಹೊತ್ತಿಗೆ ಜ್ವರ ಹಿಡಿಯಿತು. ದೌಂಡದಲ್ಲಿ ಕೊಟ್ಟ ಪುಡಿಗಳಿಗೆ ಇಳಿಯಲಿಲ್ಲ. ಹೆಂಡತಿ ಕಮಲಾ, ನನ್ನ ಜತೆ ಕೆಲಸ ಮಾಡುವ ಬೆಳಗಾವಿಯ ಗೋವಿಂದ, ಇಬ್ಬರೂ ಸೇರಿ ನನ್ನನ್ನು ಗಾಡಿಗೆ ಹತ್ತಿಸಿ ಪುಣೆಗೆ ತಂದರು. ಸ್ಟೇಶನ್ನಿನಿಂದ ಟಾಂಗಾ. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ, ಬರೆದರೆ ಜಗಳಕ್ಕೆ ಬರುವವರಿದ್ದಾರೆ. ಪಡಸಾಲೆಯ ಬೆಂಚಿನ ಮೇಲೆ ಬೆಳಗಿನಿಂದ ಮಧ್ಯಾಹ್ನದವರೆಗೆ ಕೂತೆವು. ಊರ ಮಂದಿಯೆದುರು ಹೆಂಡತಿಯ ಹೆಗಲ ಮೇಲೆ ತಲೆ ಇಡಲು ನಾಚಿಕೆಪಟ್ಟು ಗೋಡೆಗೆ ಆನಿಸಿಕೊಂಡಿದ್ದೆ. ಸ್ವಲ್ಪ ಹೊತ್ತಿಗೆ ಗೋಡೆಯೇ ಜಾರತೊಡಗಿತು. ಕಮಲಾ ನನ್ನ ತಲೆಯನ್ನು ಎಳೆದು ತನ್ನ ಹೆಗಲಿಗೆ ಇಟ್ಟುಕೊಂಡಳು. ಎದುರಿಗೆ ಕೂತಿದ್ದ ಮುದುಕನೊಬ್ಬ ಮುಖ ಆಚೆ ತಿರುಗಿಸಿದ. ಅವನ ಆ ಮರ್ಯಾದೆಯನ್ನು ನಾನು ಮರೆತಿಲ್ಲ.

ಜ್ವರದ ವಾರ್ಡಿಗೆ ಹಾಕಿದರು. ಉದ್ದನೆಯ ಕೋಣೆ, ಎರಡೂ ಗೋಡೆಗೆ ಸಾಲಾಗಿ ಕಬ್ಬಿಣದ ಮಂಚಗಳು, ನಡುವೆ ಓಡಾಡುವ ದಾರಿ. ಪ್ರತಿ ಮಂಚದ ತಲೆಯ ಮೇಲೆ ಗೋಡೆಗೆ ಬಣ್ಣದಲ್ಲಿ ಬರೆದ ನಂಬರು. ಅದರ ಕೆಳಗೆ ಮೊಳೆ, ಮೊಳೆಗೆ ರೋಗಿಯ ಜ್ವರದ ಚೀಟಿ. ಔಷಧದ ಬಾಟಲಿಗಳಿಗೂ ಅದೇ ನಂಬರು. ಸಿಸ್ಟರು ತಟ್ಟೆ ಹಿಡಿದು ಬಂದು ಗೋಡೆ ನೋಡುತ್ತಾಳೆ, ಬಾಟಲಿ ನೋಡುತ್ತಾಳೆ, ಗ್ಲಾಸಿಗೆ ಸುರಿದು ಕೊಡುತ್ತಾಳೆ. ನಡುವೆ ಒಬ್ಬ ಮನುಷ್ಯ ಮಲಗಿದ್ದಾನೆ ಎನ್ನುವುದು ಆ ಲೆಕ್ಕದಲ್ಲಿ ಬರುವುದಿಲ್ಲ. ನನ್ನದು ದಾಲ್ಚಿನ್ನಿಯ ವಾಸನೆಯ, ಸ್ವಲ್ಪ ಸಿಹಿಯಾದ ಮಿಶ್ರಣ. ಬಾಯಿಗೆ ಹಿತವಾಗಿತ್ತು.

ಧಾರವಾಡದಿಂದ ಅವ್ವ ಬಂದಳು. ಸದಾಶಿವ ಪೇಠೆಯಲ್ಲಿ ನಮ್ಮ ದೂರದ ನೆಂಟರ ಮನೆಯಲ್ಲಿ ಗಂಟು ಇಟ್ಟು, ಸ್ನಾನ ಮಾಡಿ, ಸಂಜೆ ವಾರ್ಡಿನ ಬಾಗಿಲಲ್ಲಿ ನಿಂತಳು. ಮೊದಲು ನೋಡಿದ್ದು ನನ್ನ ಮುಖವನ್ನಲ್ಲ. ಕಿಟಕಿ ನೋಡಿದಳು, ಬಿಸಿಲು ಬೀಳುವ ಕಡೆ ನೋಡಿದಳು, ಆಮೇಲೆ ನನ್ನ ತಲೆ ಯಾವ ಕಡೆ ಇದೆ ಅಂತ ನೋಡಿದಳು.

"ಉತ್ತರಕ್ಕ ತಲಿ ಹಾಕಿ ಮಲಗಿಸ್ಯಾರಲ್ಲೋ ಶೀನೂ" ಅಂದಳು. "ಹೆಣಾ ಮಲಗಸೂ ಹಂಗ. ಇಲ್ಲೆ ಒಬ್ಬರಿಗೂ ತಿಳೀಲಿಲ್ಲೇನು?"

"ಅವ್ವಾ, ಇದು ದವಾಖಾನಿ. ಸುಮ್ನಿರು."

ಸುಮ್ಮನಿರುವ ಜೀವವಲ್ಲ ಅದು. ತಲೆದಿಂಬನ್ನು ಕಾಲ ಕಡೆಗೆ ಇಟ್ಟು ನನ್ನನ್ನು ತಿರುಗಿಸಿದಳು. ಸಿಸ್ಟರು ಬಂದು ಮತ್ತೆ ಸರಿಯಾಗಿ ತಿರುಗಿಸಿದಳು. ತಲೆ ದಾರಿಯ ಕಡೆ ಬಂದರೆ ದೊಡ್ಡ ಸಿಸ್ಟರು ಬಯ್ಯುತ್ತಾರಂತೆ, ಎಲ್ಲರ ತಲೆಯೂ ಗೋಡೆಗೇ ಇರಬೇಕಂತೆ. ಅವ್ವ ಮರುದಿನವೂ ತಿರುಗಿಸಿದಳು, ಸಿಸ್ಟರು ಮರುದಿನವೂ ತಿರುಗಿಸಿದಳು. ನಾನು ಹಂಚಿನ ಮೇಲೆ ಹಾಕಿದ ರೊಟ್ಟಿಯ ಹಾಗೆ ಆಚೀಚೆ ಹೊರಳುತ್ತಿದ್ದೆ.

ನನ್ನೆದುರಿನ ಸಾಲಿನಲ್ಲಿ, ದಕ್ಷಿಣದ ಗೋಡೆಗೆ ತಲೆ ಇಟ್ಟು, ಫ್ರಾನ್ಸಿಸ್ ಎಂಬವನು ಮಲಗಿದ್ದ. ಗೋವೆಯ ಕ್ರಿಸ್ತರವನು, ದಂಡಿನವರ ಕ್ಯಾಂಪಿನ ಬ್ಯಾಂಡಿನಲ್ಲಿ ಕಹಳೆ ಊದುವವನು. ಮಲೇರಿಯಾ. ಒಂದು ದಿನ ಚಳಿಜ್ವರದಿಂದ ಮಂಚ ಅಲುಗಾಡಿಸುವನು, ಮರುದಿನ ಎದ್ದು ಎಲ್ಲರನ್ನೂ ಮಾತಾಡಿಸಿಕೊಂಡು ಓಡಾಡುವನು. ಕೆಲವು ವರ್ಷ ಬೆಳಗಾವಿಯಲ್ಲಿದ್ದವನಾದ್ದರಿಂದ ಹರಕುಮುರುಕು ಕನ್ನಡ ಇತ್ತು. ಅವ್ವನ ಗೋಳು ಕೇಳಿ ನಕ್ಕ.

"ಆಯಿ, ನನ್ನ ದೇವರು ದಿಕ್ಕು ನೋಡೂದಿಲ್ಲ. ನಾ ಅಲ್ಲಿ ಮಲಗ್ತೀನಿ, ಮಾಸ್ತರ ಇಲ್ಲಿ ಬರಲಿ. ಯಾರಿಗೇನು ತ್ರಾಸ?"

ಅವ್ವ ಅವನನ್ನು ಬಾಯಿ ತುಂಬ ಹರಸಿದಳು. ಶನಿವಾರ ಸಂಜೆ, ಭೇಟಿಯ ಹೊತ್ತಿಗೆ, ವಾರ್ಡಿನ ಆಳು ನನ್ನನ್ನು ಎತ್ತಿ ಆಚೆಯ ಮಂಚಕ್ಕೆ ಹಾಕಿದ. ಫ್ರಾನ್ಸಿಸ್ ತನ್ನ ಚಾದರ ಹೆಗಲ ಮೇಲೆ ಹಾಕಿಕೊಂಡು ನನ್ನ ಜಾಗಕ್ಕೆ ನಡೆದ. ಚೀಟಿಗಳು ಮೊಳೆಯಲ್ಲೇ ಉಳಿದವು. ನಂಬರುಗಳಂತೂ ಗೋಡೆಯದ್ದೇ. ಆ ಹೊತ್ತಿನ ಸಿಸ್ಟರು ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡಿದಳು. 'ಅಜ್ಜಿ ಗೆದ್ದಳು' ಅಂತ ಮರಾಠಿಯಲ್ಲಿ ಹೇಳಿ ನಕ್ಕಳು. ಮುಂದಿನ ಪಾಳಿಗೆ ಬಂದವಳಿಗೆ ಒಂದು ಮಾತು ಹೇಳಿಹೋಗಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಬಂದವಳು ಹೊಸಬಳು, ಚಿಕ್ಕ ವಯಸ್ಸಿನವಳು. ಗ್ಲಾಸು ಬಾಯಿಗಿಟ್ಟೆ. ನಾಲಿಗೆ ಒಳಗೆ ಮುದುಡಿಕೊಂಡಿತು. ರೈಲ್ವೆಯಲ್ಲಿ ಮಳೆಗಾಲ ಕಳೆದ ಯಾವನಿಗೂ ಮಲೇರಿಯಾಕ್ಕೆ ಕೊಡುವ ಕ್ವಿನೈನಿನ ರುಚಿ ಯಾರೂ ಹೇಳಿಕೊಡಬೇಕಿಲ್ಲ.

"ಸಿಸ್ಟರ್, ಇದು ಕ್ವಿನೈನ್. ನನ್ನ ಔಷಧ ಇದಲ್ಲ" ಅಂದೆ.

ಅವಳು ಗೋಡೆ ನೋಡಿದಳು, ಬಾಟಲಿ ನೋಡಿದಳು. "ನಂಬರು ಬರೋಬರಿ ಅದ" ಅಂತ ಮರಾಠಿಯಲ್ಲಿ ಹೇಳಿದಳು. "ಔಷಧ ಕಹಿನೇ ಇರ್ತದ, ಮಾಸ್ತರ. ಪೇಢೆ ಬೇಕಾಗಿತ್ತೇನು?"

ಅಕ್ಕಪಕ್ಕದ ರೋಗಿಗಳು ನಕ್ಕರು. ನುಂಗಿದೆ. ಇಷ್ಟು ಬರೆಯುವಾಗಲೂ ಮೈ ಉರಿಯುತ್ತದೆ. ಜ್ವರದಲ್ಲಿ ಬಿದ್ದವನ ಮಾತಿಗೆ ಬೆಲೆ ಇಲ್ಲ, ಅವನ ನಾಲಿಗೆಗೂ ಇಲ್ಲ.

ಮಂಚ ಬದಲಾದದ್ದು ನನಗೆ ನೆನಪಿರಲಿಲ್ಲವೇ ಅಂತ ಕೇಳುವವರಿದ್ದಾರೆ. ಸ್ವಾಮಿ, ನನಗೆ ಆಗ ಕಿಟಕಿ ಎಲ್ಲಿ, ಬಾಗಿಲು ಎಲ್ಲಿ ಎನ್ನುವುದೇ ತಿಳಿಯುತ್ತಿರಲಿಲ್ಲ. ಮಂಚಕ್ಕೂ ಔಷಧಕ್ಕೂ ಗಂಟು ಬಿದ್ದಿದೆ ಅಂತ ಹೊಳೆಯಲು ತಲೆ ನೆಟ್ಟಗಿರಬೇಕು. ತಲೆ ನೆಟ್ಟಗಿದ್ದವರು ಕೈಯಲ್ಲಿ ತಟ್ಟೆ ಹಿಡಿದು ನಿಂತಿದ್ದರು.

ಮುಂದೆ ಇನ್ನೂ ದೊಡ್ಡ ವಿಪರೀತ ನಡೆಯಿತು. ನನ್ನ ಜ್ವರ ಫ್ರಾನ್ಸಿಸನ ಚೀಟಿಯ ಮೇಲೆ ಏರತೊಡಗಿತು. ಡಾಕ್ಟರು, ಆಗಷ್ಟೇ ಪಾಸಾಗಿ ಬಂದ ತರುಣ, ಮೊಳೆಯಿಂದ ಚೀಟಿ ತೆಗೆದು ಮಂಚದ ಬುಡದಲ್ಲಿ ನಿಂತು ಓದಿದರು. ಮಲೇರಿಯಾದವನಿಗೆ ಕ್ವಿನೈನ್ ಕೊಟ್ಟರೂ ಜ್ವರ ಇಳಿದಿಲ್ಲ, ಅಂದಮೇಲೆ ಕ್ವಿನೈನ್ ಸಾಲದು. ಹೆಚ್ಚಿಸಿದರು. ಎದುರಿನ ಸಾಲಿನಲ್ಲಿ ನನ್ನ ಹೆಸರಿನ ಚೀಟಿಯ ಮೇಲೆ ಫ್ರಾನ್ಸಿಸನ ಜ್ವರವಿಲ್ಲದ ದಿನ ದಾಖಲಾಗಿ, ಟೈಫಾಯ್ಡು ಚೆನ್ನಾಗಿ ಇಳಿಯುತ್ತಿದೆ ಅಂತ ಡಾಕ್ಟರರಿಗೆ ಸಂತೋಷವೂ ಆಯಿತು. ನನ್ನ ಕೊರಳಲ್ಲಿ ಜನಿವಾರ, ಅವನ ಕೊರಳಲ್ಲಿ ಶಿಲುಬೆ. ಆದರೂ ಗಡ್ಡ ಬೆಳೆದು ಕಣ್ಣು ಗುಳಿ ಬಿದ್ದ ಮೇಲೆ ರೋಗಿಗಳೆಲ್ಲ ಅವರಿಗೆ ಒಂದೇ.

ಅವನ ಊಟವೂ ನನಗೆ ಬಂತು, ಬ್ರೆಡ್ಡು ಮತ್ತು ಮಾಂಸದ ಸಾರು. ಟೈಫಾಯ್ಡಿನಲ್ಲಿ ಗಟ್ಟಿ ಪದಾರ್ಥ ಹೊಟ್ಟೆಗೆ ಹೋದರೆ ಕರುಳು ತೂತಾಗಿ ಮನುಷ್ಯ ಉಳಿಯುವುದಿಲ್ಲ. ಅವ್ವ ಆ ತಟ್ಟೆಯನ್ನು ದೂರದಿಂದಲೇ ವಾಪಸು ಕಳಿಸಿ, ತಾನು ಮಡಿಯಲ್ಲಿ ಮಾಡಿ ತಂದ ಗಂಜಿಯ ತಿಳಿ ಮಾತ್ರ ಕುಡಿಸಿದಳು. ಅವಳ ಮಡಿ ನನ್ನ ಕರುಳು ಉಳಿಸಿತು, ಅವಳ ದಿಕ್ಕು ನನ್ನ ಕಿವಿ ಕಳೆಯಿತು. ಔಷಧವನ್ನು ಮಾತ್ರ ಅವಳು ಮಡಿಯಿಂದ ಹೊರಗಿಟ್ಟಿದ್ದಳು, ಡಾಕ್ಟರು ಕೊಟ್ಟದ್ದನ್ನು ಕೇಳುವಂತಿಲ್ಲ ಅಂತ.

ಕ್ವಿನೈನ್ ಅತಿಯಾದರೆ ಕಿವಿಗೇ ಹೊಡೆಯುತ್ತದೆ. ಜೀರುಂಡೆಯ ಸದ್ದು ಮೊದಲು ಎಡಗಿವಿಯಲ್ಲಿ ಶುರುವಾಯಿತು. ಕಮಲಾ ಬಾಯಿ ಆಡಿಸುತ್ತಿದ್ದಳು, ಮಾತು ದೂರದ ಕೋಣೆಯಿಂದ ಬರುತ್ತಿತ್ತು. ವಾರ್ಡಿನ ಬಟ್ಟಲುಗಳ ಸದ್ದಿಲ್ಲ, ಹೊರಗಿನ ಟಾಂಗಾಗಳ ಸದ್ದಿಲ್ಲ. ಹೆದರಿಕೆ ಏನೆಂದು ನನಗೆ ಅವತ್ತು ಗೊತ್ತಾಯಿತು. ಸಾಯುವುದಕ್ಕೆ ಅಷ್ಟು ಹೆದರಿರಲಿಲ್ಲ. ಕಿವಿ ಇಲ್ಲದ ತಾರ್ ಮಾಸ್ತರ ಬದುಕಿ ಏನು ಮಾಡಬೇಕು? ಡಾಕ್ಟರರ ಕೋಟು ಹಿಡಿದುಕೊಂಡೆ.

"ಡಾಕ್ಟರ್ ಸಾಹೇಬ್ರ, ಕಿವಿ ಕೇಳಸವಲ್ಲದು. ನನ್ನ ನೌಕರಿ ಕಿವಿ ಮ್ಯಾಲೆ ಅದರೀ."

ಅವರು ಕಮಲಾಳ ಕಡೆ ತಿರುಗಿ ಏನೋ ಹೇಳಿ ಹೋದರು. ಜ್ವರದಲ್ಲಿ ಕಿವಿ ಮಂದವಾಗುವುದುಂಟು, ಮನಸ್ಸಿಗೆ ಹಚ್ಚಿಕೊಳ್ಳಬಾರದು ಅಂದರಂತೆ.

ಗುಟ್ಟು ಬಯಲಾದದ್ದು ಫ್ರಾನ್ಸಿಸನಿಂದ. ಮಂಗಳವಾರ ಮಧ್ಯಾಹ್ನ ಅವನಿಗೆ ಚಳಿ ಹಿಡಿಯಿತು, ಎಂದಿನ ಚಳಿಯಲ್ಲ. ಮಂಚ ಗೋಡೆಗೆ ಬಡಿಯುವುದು ನನಗೆ ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಕಮಲಾ ನೀರು ಕುಡಿಸಲು ಅವನ ಹತ್ತಿರ ಹೋದಳು. ಅವನ ಪಕ್ಕದಲ್ಲಿದ್ದ ಗ್ಲಾಸು ತೆಗೆದಳು, ಮೂಗಿನ ಹತ್ತಿರ ಹಿಡಿದಳು, ದಾಲ್ಚಿನ್ನಿಯ ವಾಸನೆ ಹತ್ತಿದ್ದೇ ನನ್ನ ಕಡೆ ತಿರುಗಿ ನೋಡಿದಳು. ಆಮೇಲೆ ಆ ಗ್ಲಾಸು ಹಿಡಿದು ವಾರ್ಡಿನ ನಡುವೆ ನಿಂತು ಜೋರಾಗಿ ಮಾತಾಡತೊಡಗಿದಳು. ನಮ್ಮ ಮನೆಯ ಹೆಣ್ಣುಮಗಳು ಪರಗಂಡಸರೆದುರು ಅಷ್ಟು ದೊಡ್ಡ ಬಾಯಿ ಮಾಡಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಸಿಸ್ಟರು ಓಡಿ ಬಂದಳು, ಡಾಕ್ಟರು ಬಂದರು. ಗೋಡೆ ನೋಡಿದರು. ಬಾಟಲಿ ನೋಡಿದರು. ಕೊನೆಗೆ, ಅದೇ ಮೊದಲ ಸಲ, ನನ್ನ ಮುಖ ನೋಡಿದರು.

ಕಮಲಾ ಆಮೇಲೆ ಹೇಳಿದಳು, ಫ್ರಾನ್ಸಿಸ್ ನಡುಗುತ್ತಲೇ ಕೇಳಿದನಂತೆ, "ನನಗ ಮೂರು ದಿನದಿಂದ ಸಿಹಿ ಔಷಧ ಕೊಡ್ತಾರ, ಬಾಯಿಸಾಹೇಬ. ದೇವರ ಕೃಪಾ ಅಂತ ಸುಮ್ಮ ಕುಡದೆ. ಯಾಕ, ಬ್ಯಾರೇದವರದೇನು ಅದು?"

ಕ್ವಿನೈನ್ ಅಂದೇ ನಿಂತಿತು. ಡಾಕ್ಟರು ನನ್ನ ಬಲಗಿವಿಗೆ ಬಾಯಿ ಹಚ್ಚಿ ಕೂಗಿದರು. "ನಿಮ್ಮ ತಾಯಿ ಕೇಳದೆ ಪೇಶೆಂಟಿನ ಜಾಗ ಬದಲಿಸಿದ್ದಾರೆ. ಇಂಥ ಮೂಢನಂಬಿಕೆ ಇರುವವರನ್ನು ಇಟ್ಟುಕೊಂಡು ನಾವು ಆಸ್ಪತ್ರೆ ಹೇಗೆ ನಡೆಸಬೇಕು?"

ಎಲ್ಲಿತ್ತೋ ಆ ಶಕ್ತಿ, ಎದ್ದು ಕೂತೆ. ಕಿವುಡನ ದನಿ ಎಷ್ಟು ಎತ್ತರ ಹೋಗುತ್ತದೆ ಅಂತ ಅವನಿಗೆ ತಿಳಿಯುವುದಿಲ್ಲ, ಇಡೀ ವಾರ್ಡು ತಿರುಗಿ ನೋಡಿತಂತೆ.

"ಸಾಹೇಬ್ರ, ನಮ್ಮವ್ವ ದಿಕ್ಕು ಬದಲಿ ಮಾಡಿದಳು, ಖರೆ. ನೀವು ನನ್ನ ಹೆಸರು ಒಂದ್ಸಲಾನೂ ಕೇಳಲಿಲ್ಲ. ನಮ್ಮ ರೈಲ್ವೆದಾಗ ಒಂದು ಕಲ್ಲಿದ್ದಲಿ ಗಾಡಿ ಬಿಡಬೇಕಂದ್ರೂ ಮುಂದಿನ ಸ್ಟೇಶನ್ನಿಗೆ ಕೇಳ್ತೀವಿ, ಬರಲೇನು ಅಂತ. ಅವರು ಗಾಡಿ ನಂಬರು ತಿರುಗಿ ನಮಗ ಹೇಳಬೇಕು. ತಿರುಗಿ ಹೇಳೂತನಕ ಗಾಡಿ ಅಲ್ಲಾಡೂದಿಲ್ಲ. ಕಲ್ಲಿದ್ದಲಿಗೆ ಇರೂ ಕಿಮ್ಮತ್ತು ನನ್ನ ಬಾಯಿಗೆ ಇಲ್ಲೇನು?"

ಡಾಕ್ಟರು ಚೀಟಿಯನ್ನು ಮೊಳೆಗೆ ಸಿಕ್ಕಿಸಿ ಮುಂದಿನ ಮಂಚಕ್ಕೆ ಹೋದರು.

ಆ ಚಿಕ್ಕ ಸಿಸ್ಟರು ಸಂಜೆ ಬಂದು ನನ್ನ ಬಲಗಡೆ ನಿಂತಳು. ಅತ್ತು ಕಣ್ಣು ಕೆಂಪಾಗಿತ್ತು. "ಇಡೀ ವಾರ್ಡಿಗೆ ನಾನೊಬ್ಬಾಕಿ, ಮಾಸ್ತರ. ಗೋಡೆ ನೋಡಿ ಕೊಡು ಅಂತನೇ ನಮಗ ಕಲಿಸ್ಯಾರ" ಅಂದಳು. ಅವಳ ಮೇಲೆ ಸಿಟ್ಟು ಮಾಡಬೇಕೆಂದುಕೊಂಡಿದ್ದೆ, ಆಗಲಿಲ್ಲ. ಗೋಡೆಗೆ ನಂಬರು ಬರೆದವನ ಮೇಲೆ ಮಾಡೋಣವೆಂದರೆ ಅವನು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಮರುದಿನದಿಂದ ಅವಳು ಪ್ರತಿ ಗ್ಲಾಸಿಗೂ ಮುಂಚೆ 'ನಿಮ್ಮ ಹೆಸರೇನು' ಅಂತ ಕೇಳತೊಡಗಿದಳು. ರೋಗಿ ಹೆಸರು ಹೇಳಬೇಕು, ಅವಳು ಚೀಟಿ ಓದಿ ಅದೇ ಹೆಸರನ್ನು ತಿರುಗಿ ಹೇಳಬೇಕು, ಆಮೇಲೆ ಔಷಧ. ವಾರ್ಡಿಗೆ ಇದೊಂದು ತಮಾಷೆಯಾಯಿತು. ಫ್ರಾನ್ಸಿಸ್ ದಿನಕ್ಕೊಂದು ಹೆಸರು ಹೇಳುವನು, ಒಂದು ದಿನ ಗವರ್ನರ್ ಲಾಟ ಸಾಹೇಬ, ಒಂದು ದಿನ ಕೊಲ್ಹಾಪುರದ ಮಹಾರಾಜ. ಅವಳು ನಗುತ್ತಲೇ ನಿಲ್ಲುವಳು, ಖರೆ ಹೆಸರು ಬರುವವರೆಗೆ ಗ್ಲಾಸು ಕೊಡುತ್ತಿರಲಿಲ್ಲ. ಆ ಕೆಲವು ದಿನ ವಾರ್ಡಿನಲ್ಲಿ ಎಲ್ಲರಿಗೂ ಎಲ್ಲರ ಹೆಸರೂ ಗೊತ್ತಿತ್ತು.

ಹೀಗೆ ಕೇಳುತ್ತ ಹೋದರೆ ಹೊತ್ತಾಗುತ್ತದೆ ಅಂತ ದೊಡ್ಡ ಸಿಸ್ಟರು ಆಕ್ಷೇಪಣೆ ತೆಗೆದರು. ಅವಳನ್ನು ಬೇರೆ ವಾರ್ಡಿಗೆ ಹಾಕಿದರು. ಮುಂದೆ ಬಂದವಳು ಮತ್ತೆ ಗೋಡೆ ನೋಡತೊಡಗಿದಳು. ನಾನು ಗ್ಲಾಸು ಹಿಡಿದು, "ಮೊದಲು ನನ್ನ ಹೆಸರು ಹೇಳ್ರಿ" ಅಂತ ಹಟ ಹಿಡಿದರೆ, ಕಿವಿ ಹೋಗಿ ತಲೆಯೂ ಕೆಟ್ಟಿದೆ ಅಂತ ಆಳಿನ ಹತ್ತಿರ ಅಂದಳಂತೆ. ಆದ ತಪ್ಪಿಗಿಂತ ನನ್ನನ್ನು ಹೆಚ್ಚು ಸುಟ್ಟದ್ದು ಇದು. ತಪ್ಪು ನೋಡಿದ್ದರು, ಉಪಾಯವೂ ಸಿಕ್ಕಿತ್ತು, ಅದು ನಡೆದೂ ತೋರಿಸಿತ್ತು. ಅಷ್ಟಾದರೂ ಬಿಟ್ಟುಬಿಟ್ಟರು.

ಫ್ರಾನ್ಸಿಸ್ ಬದುಕಿದ, ಗುಣವಾಗಿ ಬ್ಯಾಂಡಿಗೆ ಮರಳಿದ. ಹೊರಡುವಾಗ ಅವ್ವನ ಕಾಲು ಮುಟ್ಟಿದ. ಅವಳು ಅವನನ್ನು ಹರಸಿ, ಆಮೇಲೆ ಮನೆಗೆ ಹೋಗಿ ಸ್ನಾನ ಮಾಡಿದಳು. ದಿಕ್ಕು ಬದಲಿಸಿದ್ದಕ್ಕೇ ಮಗ ಉಳಿದ ಎನ್ನುವುದು ಇವತ್ತಿಗೂ ಅವಳ ನಂಬಿಕೆ. ನಾನು ಬಿಡಿಸಿ ಹೇಳಲು ಹೋಗಿಲ್ಲ. ಒಮ್ಮೆ ಬಾಯಿಗೆ ಬಂದಿತ್ತು. ಅವಳು ಗಂಜಿ ಆರಿಸುತ್ತ ಕೂತಿದ್ದಳು, ನುಂಗಿಕೊಂಡೆ.

ಜ್ವರ ಬಿಟ್ಟು, ಕಾಲಿಗೆ ಬಲ ಬಂದು, ದೌಂಡಕ್ಕೆ ಮರಳಿದೆ. ಬಲಗಿವಿ ದಿನದಿನಕ್ಕೂ ತೆರೆಯುತ್ತಿತ್ತು, ಆಸೆ ಹುಟ್ಟಿತ್ತು. ಕುರ್ಚಿಯಲ್ಲಿ ಕೂರುವ ಮೊದಲು ಇನ್ಸ್ಪೆಕ್ಟರ್ ಸಾಹೇಬರು ಬಂದು ಪರೀಕ್ಷೆ ಮಾಡಬೇಕಿತ್ತು. ಗೋವಿಂದ ಹಿಂದಿನ ಸಂಜೆಯೇ ಮನೆಗೆ ಬಂದು ಉಪಾಯ ಹೇಳಿದ.

"ನಾ ನಿನ್ನ ಕುರ್ಚಿ ಹಿಂದ ನಿಂತಿರತೀನಿ. ತಪ್ಪೋ ಜಾಗಾದಾಗ ಬೆನ್ನಿಗೆ ಬೆರಳಿಲೆ ಬಡೀತೀನಿ. ಸಾಹೇಬಗ ತಿಳಿಯೂದಿಲ್ಲ."

ಬೇಡ ಅನ್ನಲಿಲ್ಲ ನಾನು. ಮನೆಯಲ್ಲಿ ಕಮಲಾ ಇದ್ದಳು, ಅವ್ವ ಇದ್ದಳು, ಬೇಡ ಅನ್ನಲು ಬಾಯಿ ಬರಲಿಲ್ಲ.

ಬೆಳಿಗ್ಗೆ ಕೂತೆ. ಸಾಹೇಬರು ಪಕ್ಕದ ಕೋಣೆಯಿಂದ ಸಂದೇಶ ಕಳಿಸತೊಡಗಿದರು, ಅವರ ಗುಮಾಸ್ತ ನನ್ನೆದುರು ನಿಂತ. ಕಟಕಟ ಸದ್ದು ಬಂತು. ಎಷ್ಟು ದಿನದ ಮೇಲೆ ಬಂತು ಅಂತ ಕಣ್ಣು ತುಂಬಿತು. ಕೈ ತಾನೇ ಓಡಿತು. ಒಂದು ಸಾಲು ಸರಿ, ಎರಡನೆಯದೂ ಸರಿ. ಮೂರನೆಯ ಸಾಲಿನಲ್ಲಿ ಗಾಡಿಯ ನಂಬರು ಬಂತು. ಎರಡು ಸದ್ದು ಒಂದಕ್ಕೊಂದು ಅಂಟಿಕೊಂಡವು. ಎಂಟೋ ಒಂಬತ್ತೋ ತಿಳಿಯಲಿಲ್ಲ. ಬೆನ್ನ ಮೇಲೆ ಗೋವಿಂದನ ಬೆರಳು ಆಡಿತು, ಸ್ಪಷ್ಟವಾಗಿ, ಎಂಟು ಅಂತ.

ಬರೆಯಲಿಲ್ಲ. ಪೆನ್ಸಿಲು ಕೆಳಗಿಟ್ಟೆ. ನಾಳೆ ಗೋವಿಂದನ ಪಾಳಿ ಬೇರೆ ಹೊತ್ತಿಗೆ ಇರುತ್ತದೆ. ನಾನು ತಪ್ಪು ನಂಬರು ಬರೆದು ಒಂದೇ ಹಳಿಯ ಮೇಲೆ ಎರಡು ಗಾಡಿ ಎದುರಾದರೆ ಅವುಗಳೊಳಗಿನ ಮಂದಿ ನನ್ನ ಹೆಸರು ಕೇಳಲಿಕ್ಕೂ ಉಳಿಯುವುದಿಲ್ಲ.

ಸಾಹೇಬರು ಬಂದರು, ಕಾಗದ ನೋಡಿದರು. ಒಳ್ಳೆಯವರು. "ಉಳಿದದ್ದೆಲ್ಲ ಬರೋಬರಿ ಅದ. ಇದೊಂದು ಅಂಕಿ ಅಂದಾಜಿನ ಮ್ಯಾಲೆ ಬರೀರಿ, ನಾ ಪಾಸ್ ಮಾಡ್ತೀನಿ" ಅಂದರು.

"ನನಗ ಕೇಳಸಲಿಲ್ರಿ, ಸಾಹೇಬ್ರ" ಅಂದೆ. "ಕೇಳಸಲಾರದ್ದು ನಾ ಬರಿಯೂದಿಲ್ಲ."

ಗೋವಿಂದ ಹಿಂದಿನಿಂದ ನನ್ನ ಹೆಗಲು ಒತ್ತಿ ಹಿಡಿದ. ನಾನು ಕುರ್ಚಿ ಬಿಟ್ಟು ಎದ್ದೆ. ಈಗ ಪಾರ್ಸಲ್ ಆಫೀಸಿನಲ್ಲಿದ್ದೇನೆ.